ಅಂತರ್ಜಾಲ ನಿಘಂಟೂ ಸ್ವಯಂಶಿಕ್ಷಿತ ಜರ್ಮನ್ನೂ: ಒಂದು ವಿದ್ವತ್ಪೂರ್ಣ ಒದ್ದಾಟ

ಗುರುವಿಲ್ಲದೆ, ಫೀಸಿಲ್ಲದೆ, ಹಾಸಿಗೆಯಿಂದ ಏಳದೆ ಮೊಬೈಲಿನ ನಿಘಂಟೊಂದರಿಂದಲೇ ಜರ್ಮನ್ ಕಲಿಯಬಹುದು ಎಂಬುದು ಪ್ರಸ್ತುತ ಪ್ರಬಂಧದ ಪ್ರಾಕ್ಕಲ್ಪನೆ. ಅಧ್ಯಯನದ ಕ್ಷೇತ್ರ, ಮಲ್ಲೇಶ್ವರದ ಒಂದು ಬಾಡಿಗೆ ಮನೆ. ಸಂಶೋಧಕನೂ ಪ್ರಯೋಗಪಶುವೂ ನಾನೇ ಆದ್ದರಿಂದ ಫಲಿತಾಂಶದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಮೊದಲು ಪೂರ್ವಸೂರಿಗಳ ಸ್ಮರಣೆ. ಗ್ರಿಮ್ ಸಹೋದರರು 1838ರಲ್ಲಿ ಜರ್ಮನ್ ನಿಘಂಟಿಗೆ ಕೈಹಾಕಿದರು. 1863ರಲ್ಲಿ ಯಾಕೋಬ್ ಗ್ರಿಮ್ ತೀರಿಕೊಂಡಾಗ ಕೆಲಸ ಇನ್ನೂ 'ಎಫ್' ಅಕ್ಷರದಲ್ಲಿತ್ತು. ಮುಗಿದದ್ದು 1961ರಲ್ಲಿ. ಪ್ರಸ್ತುತ ಸಂಶೋಧಕ ಮೂರು ತಿಂಗಳಾದರೂ 'ಎ' ದಾಟಿಲ್ಲ. ಪರಂಪರೆ ಉಳಿದಿದೆ ಎಂದಷ್ಟೇ ಇದರ ತಾತ್ಪರ್ಯ.

ಜರ್ಮನ್ ಕ್ರಿಯಾಪದಕ್ಕೆ ತನ್ನ ತಲೆಯನ್ನು ತಾನೇ ಕಿತ್ತು ವಾಕ್ಯದ ಬಾಲಕ್ಕೆ ಅಂಟಿಸಿಕೊಳ್ಳುವ ಚಾಳಿಯಿದೆ. 'ಇಷ್ ಹ್ಯೋರೆ ಔಫ್' ಎಂಬಲ್ಲಿ ಒಂದೊಂದೇ ಪದ ಹುಡುಕಿದೆ. ನಾನು, ಕೇಳು, ಮೇಲೆ. 'ನನಗೆ ಮೇಲಿನಿಂದ ಕೇಳಿಸುತ್ತಿದೆ' ಎಂದು ಅನ್ವಯಿಸಿ, ಇದು ಮಹಡಿ ಮನೆಯವರ ಕುರಿತ ದೂರು ಎಂದು ಭಾಷ್ಯವನ್ನೂ ಬರೆದೆ. ನಿಜವಾದ ಅರ್ಥ 'ನಾನು ನಿಲ್ಲಿಸುತ್ತೇನೆ' ಎಂದು. 'ಉಮ್‌ಫಾರೆನ್' ಇನ್ನೂ ಅಪಾಯಕಾರಿ. ಒತ್ತು 'ಫಾ' ಮೇಲೆ ಬಿದ್ದರೆ ಬಳಸಿಕೊಂಡು ಹೋಗು, 'ಉಮ್' ಮೇಲೆ ಬಿದ್ದರೆ ಗುದ್ದಿ ಕೆಡವು. (ನಮ್ಮ ಸಂಪಿಗೆ ರಸ್ತೆಯಲ್ಲಿ ಈ ಭೇದ ಅಷ್ಟು ಕಟ್ಟುನಿಟ್ಟಲ್ಲ.)

ಲಿಂಗವಿಚಾರ: ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕ. ಹುಡುಗಿಯೂ ನಪುಂಸಕ. ಊರಿಂದ ಬಂದಿದ್ದ ಅಮ್ಮ ಅನ್ನ ಕಲಸುತ್ತಾ, "ಕೈ ಯಾವ ಲಿಂಗವೋ?" ಅಂದಳು. ನೋಡಿದೆ, ಸ್ತ್ರೀಲಿಂಗ. "ಮತ್ತೆ? ಕೆಲಸ ಮಾಡೋದು ಅದೇ ತಾನೆ," ಅಂದಳು. ಈ ಕ್ಷೇತ್ರದಲ್ಲಿ ಇದಕ್ಕಿಂತ ಗಟ್ಟಿಯಾದ ವ್ಯಾಖ್ಯಾನ ನನ್ನ ಗಮನಕ್ಕೆ ಬಂದಿಲ್ಲ.

ಇನ್ನು ಈ ಪ್ರಬಂಧದ ಮುಖ್ಯ ಕೊಡುಗೆಯಾದ 'ಕೋಶಭ್ರಮಣ ಸಿದ್ಧಾಂತ'. ಒಂದು ರಾತ್ರಿ 'ನೀರು ಕೊಡಿ' ಎಂಬುದನ್ನು ಹುಡುಕಲು ಕೂತೆ. ದಾರಿಯಲ್ಲಿ 'ಶ್ಲೋಸ್' ಸಿಕ್ಕಿತು. ಅರಮನೆ ಅಂತಲೂ ಹೌದು, ಬೀಗ ಅಂತಲೂ ಹೌದು. ಬೀಗದಿಂದ ಬೀಗದ ಕೈಗೆ, 'ಶ್ಲ್ಯುಸೆಲ್'. ಅದಕ್ಕೊಂದು ಮೂಳೆ ಸೇರಿಸಿದರೆ 'ಶ್ಲ್ಯುಸೆಲ್‌ಬೈನ್', ಕೊರಳೆಲುಬು. ಹನ್ನೆರಡೂವರೆಗೆ ಕೊರಳೆಲುಬು ಕರಗತವಾಗಿತ್ತು. ನೀರು ಇವತ್ತಿಗೂ ಬಂದಿಲ್ಲ.

ಇಲ್ಲೊಂದು ಆಕ್ಷೇಪ ಏಳಬಹುದು. 1853ರಲ್ಲಿ ಇತ್ತ ಬಂದ ಜರ್ಮನಿಯ ಕಿಟೆಲ್ ಕನ್ನಡ ಕಲಿತು, 1894ರಲ್ಲಿ ಮಂಗಳೂರಿನಲ್ಲಿ ನಿಘಂಟನ್ನೇ ಅಚ್ಚು ಹಾಕಿಸಲಿಲ್ಲವೇ ಎಂದು. ಹಾಕಿಸಿದರು. ಆದರೆ ಅವರು ಕನ್ನಡದವರ ನಡುವೆ ಇದ್ದು, ಅವರನ್ನೇ ಮಾತಾಡಿಸಿ ಕಲಿತರು. ಅಂಥ ಅಶಾಸ್ತ್ರೀಯ ವಿಧಾನ ಈ ಪ್ರಬಂಧದ ವ್ಯಾಪ್ತಿಗೆ ಹೊರಗಿನದು.

ಕೊನೆಗೊಂದು ವಿನಂತಿ. 'ಡೊಖ್' ಎಂಬ ಪುಟ್ಟ ಪದಕ್ಕೆ ನಿಘಂಟು 'ಆದರೆ', 'ಆದರೂ', 'ಹೌದು', 'ಅಲ್ವಾ' ಎಲ್ಲವನ್ನೂ ಕೊಡುತ್ತದೆ. ನಿಜಕ್ಕೂ ಏನೆಂದು ಬಲ್ಲ ಓದುಗರು ದಯವಿಟ್ಟು ತಿಳಿಸಬೇಕು. ನಿಘಂಟು ನೋಡಿ ಹೇಳುವವರು ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ.