ಸೀಟು ಮಾವ

ಗುಂಡ್ಲುಪೇಟೆ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಪರೀಕ್ಷಾ ಪ್ರಾಧಿಕಾರ ಕೆಇಎ ಸಿಇಟಿ ಫಲಿತಾಂಶ ಬಿಟ್ಟ ಮೇಲೆ ಯಾವ ಜೆರಾಕ್ಸ್ ಅಂಗಡಿ ಮುಂದೆ ನಿಂತರೂ ಸೀಟು ಮಾವ ಕಾಣಸಿಗುತ್ತಾರೆ. ಚಾಮರಾಜನಗರದಲ್ಲಾದರೆ ಭುವನೇಶ್ವರಿ ವೃತ್ತದ ಹತ್ತಿರದ ಸೈಬರ್ ಸೆಂಟರಿನಲ್ಲಿ ಕಂಪ್ಯೂಟರ್ ಹುಡುಗನ ಹೆಗಲ ಮೇಲೆ ಕೈಯಿಟ್ಟು ನಿಂತಿರುತ್ತಾರೆ. ಇವರು ಒಬ್ಬರೇ ಅಲ್ಲ. ತೆರಕಣಾಂಬಿಗೊಬ್ಬರು, ಬೇಗೂರಿಗೊಬ್ಬರು, ಹಂಗಳಕ್ಕೊಬ್ಬರು ಇದ್ದಾರೆ. ಆದರೆ ಅಚ್ಚು ಮಾತ್ರ ಒಂದೇ. ಇಸ್ತ್ರಿ ಹಾಕಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಬಣ್ಣದ ಪೆನ್ನು, ಕಂಕುಳಲ್ಲಿ ಜಿಪ್ ಕೆಟ್ಟ ರೆಗ್ಜಿನ್ ಬ್ಯಾಗು. ಬ್ಯಾಗಿನೊಳಗೆ ಗೋಂದಿನ ಬಾಟಲಿ, ಸ್ಟ್ಯಾಪ್ಲರು, ಮತ್ತೆ ಕಂಡವರ ಮನೆಯ ಹೆಣ್ಣುಮಕ್ಕಳ ಪಾಸ್‌ಪೋರ್ಟ್ ಅಳತೆಯ ಫೋಟೊಗಳು. ಒಮ್ಮೆ ಬಸ್ಸಿನಲ್ಲಿ ಆ ಫೋಟೊಗಳನ್ನು ಜೋಡಿಸಿಕೊಳ್ಳುತ್ತಿದ್ದಾಗ ಪಕ್ಕದಲ್ಲಿದ್ದವರು, ‘ಎರಡನೇದು ಲಕ್ಷಣವಾಗದ, ಜಾತಕ ಅದಾ?’ ಎಂದು ಕೇಳಿದರಂತೆ. ಮಾವ ತಲೆಯೆತ್ತದೆ, ‘ಜಾತಕ ಎಲ್ಲ ಕೆಇಎ ವೆಬ್‌ಸೈಟಲ್ಲದ’ ಎಂದರಂತೆ.

ಮಾವನ ಮೂಲ ಕಸುಬು ಬೇಸಾಯ. ಅರಿಸಿನ, ಈರುಳ್ಳಿ, ಮಳೆ ಕೈಕೊಡದಿದ್ದರೆ ಚೆಂಡುಹೂ. ಓಣಂ ಹೊತ್ತಿಗೆ ಗುಂಡ್ಲುಪೇಟೆಯ ಚೆಂಡುಹೂ ಲೋಡುಗಟ್ಟಲೆ ಗಡಿ ದಾಟಿ ಕೇರಳಕ್ಕೆ ಹೋಗುತ್ತದಲ್ಲ, ಸರಿಯಾಗಿ ಅದೇ ಹೊತ್ತಿಗೆ ಇವರ ಆಪ್ಷನ್ ಎಂಟ್ರಿಯೂ, ಅಂದರೆ ಕಾಲೇಜುಗಳನ್ನು ಪಟ್ಟಿ ಮಾಡುವ ಕೆಲಸವೂ, ಬಂದು ಕೂರುತ್ತದೆ. ಹೊಲದಲ್ಲಿ ಹೂವು ಬಿಡಿಸುವ ಹೆಂಗಸರು ಕಾಯುತ್ತಿದ್ದರೂ ಮಾವ ಬರುವುದಿಲ್ಲ. ‘ಹೂವ ನಾಳನೂ ಬಿಡಿಸ್ಬೋದು ಕನಾ, ಪೋರ್ಟಲ್ ನಾಳ ಹನ್ನೊಂದ್ಗಂಟಗ ಮುಚ್ಚೋಯ್ತದ.’ ಊರ ಹೆಣ್ಣುಮಕ್ಕಳಿಗೆ ನರ್ಸಿಂಗ್ ಸೀಟು ಕೊಡಿಸಲು ಇಷ್ಟೆಲ್ಲ ಮಾಡಿ ಯಾರ ಹತ್ತಿರವೂ ಕಮಿಷನ್ ಮುಟ್ಟಿದವರಲ್ಲ. ಟೀ, ಬನ್ನು, ಬಸ್ ಚಾರ್ಜು ಕೊಟ್ಟರೆ ಸಾಕು. ದೊಡ್ಡ ಊರಿನ ಖಾಸಗಿ ಕಾಲೇಜುಗಳಿಗೆ ಮಕ್ಕಳನ್ನು ಹಿಡಿದುಕೊಡುವ ಏಜೆಂಟರ ಹೆಸರೆತ್ತಿದರೆ ಕುಡಿಯುತ್ತಿದ್ದ ಟೀ ಕೆಳಗಿಟ್ಟು ಬೈಯುತ್ತಾರೆ, ಬೈದು ಮುಗಿಸಿ ಮತ್ತೆ ಎತ್ತಿಕೊಳ್ಳುತ್ತಾರೆ.

ಈ ವಿದ್ಯೆ ಅವರಿಗೆ ಒಲಿದದ್ದು ಸ್ವಂತ ಮಗಳಿಂದ. ಅವಳನ್ನು ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾಗೆ ಸೇರಿಸಲು ಮೈಸೂರಿಗೆ ಅಲೆದ ಕಾಲದಲ್ಲಿ ಯಾವ ಕಿಟಕಿಯಲ್ಲಿ ಯಾವ ಗುಮಾಸ್ತೆ ಎಷ್ಟು ಗಂಟೆಗೆ ಊಟಕ್ಕೆ ಏಳುತ್ತಾರೆ ಎಂಬುದು ಕಂಠಪಾಠವಾಯಿತು. ಆಗೆಲ್ಲ ನರ್ಸಿಂಗ್ ಅಂದರೆ ಪಿಯುಸಿ ಅಂಕಪಟ್ಟಿ ಹಿಡಿದುಕೊಂಡು ಹೋಗಿ ಸೇರುವ ಕೋರ್ಸು. 2023ರಿಂದ ಬಿಎಸ್ಸಿ ನರ್ಸಿಂಗಿಗೂ ಸಿಇಟಿ ಬರೆಯಲೇಬೇಕು ಎಂದಾದಾಗ ಊರಿನವರು ಕಂಗಾಲಾದರು, ಮಾವ ಅರಳಿದರು. ಅಲ್ಲಿಯವರೆಗೆ ಅವರಿಗೆ ಗೊತ್ತಿದ್ದದ್ದು ಗುಮಾಸ್ತೆಯ ಊಟದ ಹೊತ್ತು. ಆಮೇಲೆ ರ‍್ಯಾಂಕು, ರೌಂಡು, ಕಟ್‌ಆಫು, ಅಣಕು ಹಂಚಿಕೆ ಎಂದು ಒಂದು ಹೊಸ ಪುರಾಣವೇ ಸಿಕ್ಕಿತು. ಡಾಕ್ಟರಾಗಲೆಂದು ನೀಟ್ ಬರೆದು ಸಿಗದವರು, ಪಶುವೈದ್ಯ, ಕೃಷಿ ಎರಡೂ ಕೈತಪ್ಪಿದವರು, ಚಿಕ್ಕಂದಿನಿಂದ ನರ್ಸಾಗಬೇಕೆಂದೇ ಹಟ ಹಿಡಿದವರು, ಎಲ್ಲರೂ ಕೆಲವೇ ಕೆಲವು ಸರ್ಕಾರಿ ಸೀಟುಗಳ ಮುಂದೆ ಸಾಲಾಗಿ ನಿಂತರು. ಸಾಲಿನ ಪಕ್ಕದಲ್ಲಿ ಬ್ಯಾಗು ಹಿಡಿದ ಮಾವ.

ಅವರ ಮೊದಲ ಪ್ರಶ್ನೆ ಅಂಕದ ಬಗ್ಗೆ ಅಲ್ಲವೇ ಅಲ್ಲ. ಭೌತ, ರಸಾಯನ, ಜೀವಶಾಸ್ತ್ರ ಮೂರೂ ಸೇರಿ ಶೇ. 45 ಬೇಕು, ಪರಿಶಿಷ್ಟರಿಗೆ 40 ಸಾಕು, ಇಂಗ್ಲಿಷ್ ಪಾಸಾಗಿರಬೇಕು, ಡಿಸೆಂಬರ್ 31ಕ್ಕೆ ಹದಿನೇಳು ತುಂಬಿರಬೇಕು ಎಂಬುದನ್ನೆಲ್ಲ ಉಸಿರು ಬಿಡದೆ ಒಪ್ಪಿಸಿ, ಇದು ಯಾರಿಗಾದರೂ ಗೊತ್ತಿರುವ ವಿಷಯ ಎಂಬಂತೆ ಕೈ ಬೀಸಿಬಿಡುತ್ತಾರೆ. ಅವರು ಕೇಳುವುದು: ‘ನಿಮ್ಮಪ್ಪನ ಹೆಸರೇನು?’

ಇದು ಕಂಡಷ್ಟು ಸುಲಭದ ಪ್ರಶ್ನೆಯಲ್ಲ. ಚಾಮರಾಜನಗರ ಸೀಮೆಯಲ್ಲಿ ಮಲೆ ಮಹದೇಶ್ವರನ, ಅಂದರೆ ಮಾದಪ್ಪನ ಒಕ್ಕಲು ಜಾಸ್ತಿ, ಅವನ ಹೆಸರಿನವರೂ ಜಾಸ್ತಿ. ಒಬ್ಬನೇ ಅಪ್ಪ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮಹದೇವ, ಆಧಾರಿನಲ್ಲಿ ಮಾದೇವ, ಪಡಿತರ ಚೀಟಿಯಲ್ಲಿ ಮಹದೇವಸ್ವಾಮಿ, ಪಹಣಿಯಲ್ಲಿ ಮಾದಪ್ಪ. ಇಂಗ್ಲಿಷಿನಲ್ಲಿ ಬರೆಯುವಾಗ ಅದರಲ್ಲಿ ಇನ್ನೊಂದಷ್ಟು ಬಗೆ. ಅಪ್ಪ ಮಾತ್ರ ಪಂಚೆ ಎತ್ತಿ ಕಟ್ಟಿಕೊಂಡು ಎದುರಿಗೇ ನಿಂತು, ‘ಎಲ್ಲಾ ನಾನೇ ಸ್ವಾಮಿ’ ಎನ್ನುತ್ತಿರುತ್ತಾನೆ. ಮಾವ ಕಾಗದಗಳನ್ನು ಮೇಜಿನ ಮೇಲೆ ಹರವಿ, ಒಂದೊಂದರ ಮೇಲೂ ಪೆನ್ನಿನ ತುದಿಯಿಟ್ಟು, ‘ನೀನೇ ಅಂತ ನನ್ಗ ಗೊತ್ತದ, ನಿನ್ನ ಮಗಳ್ಗ ಗೊತ್ತದ, ಸರ್ವರ್‌ಗ ಗೊತ್ತಾಗಬೇಕಲ್ಲಪ್ಪ’ ಎನ್ನುತ್ತಾರೆ. ಆಮೇಲೆ ನಾಡಕಚೇರಿಗೆ ಮೆರವಣಿಗೆ ಹೊರಡುತ್ತದೆ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಆರ್‌ಡಿ ಸಂಖ್ಯೆ ಬರುವವರೆಗೆ ಮಾವ ಊಟ ಮಾಡುವುದಿಲ್ಲ. ಸಂಖ್ಯೆ ಬಂದ ಮೇಲೆ ಅದನ್ನು ಅಂಗೈ ಮೇಲೆ ಬರೆದುಕೊಳ್ಳುತ್ತಾರೆ, ಕಾಗದದ ಮೇಲೆ ನಂಬಿಕೆ ಸಾಲದು.

ಮಾವನ ನಿಜವಾದ ಪಾಂಡಿತ್ಯ ನೋಡಬೇಕಾದರೆ ಗ್ರಾಮೀಣ ಮೀಸಲಾತಿಯ ಮಾತು ತೆಗೆಯಬೇಕು. ಒಂದರಿಂದ ಹತ್ತರವರೆಗೆ ಪೂರ್ತಿ ಹಳ್ಳಿ ಶಾಲೆಯಲ್ಲೇ ಓದಿದ್ದರೆ ಶೇ. 15ರ ಆ ಸಾಲಿಗೆ ಸೇರಬಹುದು. ಕನ್ನಡ ಮಾಧ್ಯಮವಾದರೆ ಇನ್ನೊಂದು ಶೇ. 5ರ ಬಾಗಿಲು. ನಡುವೆ ಒಂದೇ ಒಂದು ವರ್ಷ ಪೇಟೆ ಶಾಲೆಯಲ್ಲಿ ಓದಿದ್ದರೂ ಹಳ್ಳಿ ಬಾಗಿಲು ಬಂದ್. ಹಾಗಾಗಿ ಗುಂಡ್ಲುಪೇಟೆ ಪುರಸಭೆಯ ಗಡಿ ಎಲ್ಲಿ ಮುಗಿಯುತ್ತದೆ, ಯಾವ ಶಾಲೆಯ ಕಾಂಪೌಂಡು ಒಳಗೆ, ಯಾವುದರ ಗೇಟು ಹೊರಗೆ ಎಂದು ಪುರಸಭೆಯವರಿಗಿಂತ ಇವರಿಗೆ ಚೆನ್ನಾಗಿ ಗೊತ್ತು. ಮಗುವನ್ನು ‘ಒಳ್ಳೆ ಸ್ಕೂಲು’ ಎಂದು ಹೆಮ್ಮೆಯಿಂದ ಪೇಟೆಯ ಕಾನ್ವೆಂಟಿಗೆ ಹಾಕಿ, ಫೀಸು ಕಟ್ಟಲಾಗದೆ ವಾಪಸ್ ಹಳ್ಳಿಗೆ ಕರೆತಂದ ತಾಯಂದಿರನ್ನು ಮಾವ ನೋಡುವ ನೋಟವನ್ನು ನೋಡಲಾಗದು. ‘ಯುಕೆಜಿಗ ಹಾಕಿದ್ರ ಪರ್ವಾಗಿರ್ಲಿಲ್ಲ ಕನವ್ವ, ಒಂದ್ನೇ ಕ್ಲಾಸ್‌ಗ ಹಾಕ್ಬುಟ್ಟಲ್ಲ!’ ಬಿಇಒ ಕಚೇರಿಯ ಮೊಹರು ವ್ಯಾಸಂಗ ಪ್ರಮಾಣಪತ್ರದ ಯಾವ ಮೂಲೆಗೆ ಬೀಳಬೇಕು ಎಂಬುದರಲ್ಲೂ ಅವರಿಗೊಂದು ಅಭಿಪ್ರಾಯವಿದೆ.

ಚಾಮರಾಜನಗರಕ್ಕೂ ಸೀಟಿಗೂ ಹಳೆಯ ನಂಟಿದೆ ಎಂಬುದು ಮಾವನ ಸಿದ್ಧಾಂತ. ಇಲ್ಲಿಗೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆಂಬ ನಂಬಿಕೆ ನಾಡಿಗೆಲ್ಲ ಗೊತ್ತು. 1997ರಲ್ಲಿ ಮೈಸೂರಿನಿಂದ ಬೇರ್ಪಡಿಸಿ ಈ ಜಿಲ್ಲೆ ಮಾಡಿದ ಮುಖ್ಯಮಂತ್ರಿ ಜೆ.ಎಚ್. ಪಟೇಲರೇ ಉದ್ಘಾಟನೆಯನ್ನು ಊರಲ್ಲಿ ಇಟ್ಟುಕೊಳ್ಳದೆ ಮಲೆ ಮಹದೇಶ್ವರ ಬೆಟ್ಟದಲ್ಲಿ ಮುಗಿಸಿದರು. 2013ರ ನಂತರ ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದು, ಐದು ವರ್ಷವನ್ನೂ ಪೂರೈಸಿ, ನಂಬಿಕೆಯ ಹಲ್ಲು ಕಿತ್ತರು. ಮಾವನದು ಬೇರೆಯೇ ಲೆಕ್ಕ. ‘ದೊಡ್ಡೋರಿಂದ ಕಿತ್ಕೊಂಡ ಸೀಟೆಲ್ಲ ಎಲ್ಲಿಗೋಯ್ತು? ಇಲ್ಲೇ ಎಲ್ಲೋ ಅವ. ನಮ್ಮ ಕೂಸ್ಗಳ್ಗ ಬರ್ಬೇಕಾದ್ದು.’ 2016ರಲ್ಲಿ ನಗರದಾಚೆ ಯಡಪುರದ ಬಳಿಗೆ ವೈದ್ಯಕೀಯ ಕಾಲೇಜು ಬಂದದ್ದನ್ನು ಅವರು ಈ ಬಾಕಿಯ ಮೊದಲ ಕಂತು ಎಂದು ಜಮೆ ಮಾಡಿಕೊಂಡಿದ್ದಾರೆ.

ಕೇರಳದ ಮಾತು ಬಂದರೆ ಧ್ವನಿ ಬದಲಾಗುತ್ತದೆ. ಬಂಡೀಪುರದ ಕಾಡು ದಾಟಿದರೆ ಸುಲ್ತಾನ್ ಬತ್ತೇರಿ. ಅಲ್ಲಿಯ ಹೆಣ್ಣುಮಕ್ಕಳು ನರ್ಸಾಗಿ ಕೊಲ್ಲಿ ದೇಶ, ಇಂಗ್ಲೆಂಡು, ಜರ್ಮನಿ ಸೇರಿದರು, ದುಡ್ಡು ಕಳಿಸಿ ತಾರಸಿ ಮನೆ ಕಟ್ಟಿಸಿದರು. ‘ನಾವು ಅವ್ರ ಹಬ್ಬಕ್ಕ ಹೂವ ಬೆಳ್ಕೊಂಡು ಕೂತ್ಕಂಡೊ.’ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಆ ರಸ್ತೆಯಲ್ಲಿ ವಾಹನ ಬಿಡುವುದಿಲ್ಲವಲ್ಲ, ಅದಕ್ಕೂ ನಮ್ಮವರು ಜರ್ಮನಿಗೆ ಹೋಗದಿರುವುದಕ್ಕೂ ಏನೋ ಸಂಬಂಧವಿದೆ ಎಂದು ಮಾವ ಬಲವಾಗಿ ನಂಬಿದ್ದಾರೆ. ಸಂಬಂಧ ಏನೆಂದು ಕೇಳಿದರೆ ಸಿಟ್ಟಾಗುತ್ತಾರೆ. ಜರ್ಮನಿಗೆ ಬಿ2 ಮಟ್ಟದ ಜರ್ಮನ್ ಭಾಷೆ ಬೇಕು ಎಂಬುದನ್ನು ಎಲ್ಲಿಂದಲೋ ಹಿಡಿದು, ಇನ್ನೂ ಪಿಯುಸಿ ಫಲಿತಾಂಶ ಬಾರದ ಹುಡುಗಿಯರಿಗೆಲ್ಲ ‘ಬೀಟೂ ಮಾಡ್ಕೊ ಮೊಗ’ ಎನ್ನುತ್ತಾರೆ. ಅದೊಂದು ಕಂಪ್ಯೂಟರ್ ಕೋರ್ಸೆಂದು ಬಹುಪಾಲು ಅಮ್ಮಂದಿರು ತಿಳಿದಿದ್ದಾರೆ. ಮಾವನಿಗೂ ಆ ಅನುಮಾನ ಇದ್ದ ಹಾಗಿದೆ.

ಇನ್ನು ಹಿಂದೆ, ‘ನೈಟ್ ಡ್ಯೂಟಿ ಮಾಡೋಳ್ನ ಯಾರ್ ಮದ್ವ ಆದರು’ ಎನ್ನುತ್ತಿದ್ದ ಸಂಬಂಧಿಕರು. ಕೊರೊನಾ ಬಂದು ಹೋದ ಮೇಲೆ ಅವರೇ ಮಾವನ ಹತ್ತಿರ ಬಂದು, ‘ಪರ್ಮನೆಂಟ್ ಸ್ಟಾಫ್ ನರ್ಸ್ ಹುಡುಗಿ ಯಾರಾದ್ರೂ ಅವಳಾ?’ ಎಂದು ಮೆಲ್ಲಗೆ ವಿಚಾರಿಸುತ್ತಾರೆ. ಮಾವ ಅವರನ್ನು ಟೀ ಕುಡಿಸದೆ ಕಳಿಸುತ್ತಾರೆ. ಮಾವನ ಮಟ್ಟಿಗೆ ಇದು ಘೋರ ಶಿಕ್ಷೆ.

ಸೀಟಿನಾಚೆ ಏನಿದೆ ಎಂಬುದು ಮಾತ್ರ ಮಾವನಿಗೆ ತಿಳಿಯದು, ತಿಳಿಯುವ ಹಂಬಲವೂ ಇಲ್ಲ. ನಾಲ್ಕು ವರ್ಷ ಅಲ್ಲಿ ಏನು ಕಲಿಸುತ್ತಾರೆ ಎಂದು ಒಬ್ಬ ಹುಡುಗಿ ಕೇಳಿದಾಗ, ‘ಎಲ್ಲಾನೂ ಕಲಿಸ್ತರ’ ಎಂದು ಹೇಳಿ ಮಗಳಿಗೆ ಫೋನು ಹಚ್ಚಿಕೊಟ್ಟರು. ಮಗಳು ರಾತ್ರಿ ಪಾಳಿ ಮುಗಿಸಿ ಮಲಗಿದ್ದವಳು. ‘ಮೊದ್ಲು ಹಾಸಿಗೆ ಹಾಸೋದು ಕಲಿಸ್ತಾರೆ ಕಣೇ. ರೋಗಿ ಅದರ ಮೇಲೆ ಮಲಗಿರುವಾಗಲೇ ಹಾಸೋದು. ಒಂದು ಸುಕ್ಕು ಇರಬಾರದು. ಸುಕ್ಕಿದ್ದರೆ ಬೆನ್ನು ಹುಣ್ಣಾಗ್ತದೆ.’ ಸ್ಪೀಕರಿನಲ್ಲಿ ಕೇಳುತ್ತಿದ್ದ ಮಾವನ ಮುಖ ಇಳಿಯಿತು. ಆರ್‌ಡಿ ಸಂಖ್ಯೆ, ಬಿಇಒ ಮೊಹರು, ಇಷ್ಟೆಲ್ಲ ಹೋರಾಟ ಕೊನೆಗೆ ಹಾಸಿಗೆ ಹಾಸುವುದಕ್ಕಾ? ಆ ಹುಡುಗಿ ಮಾತ್ರ ಫೋನನ್ನು ಕಿವಿಗಿಟ್ಟುಕೊಂಡು ಅಂಗಡಿಯಾಚೆ ಹೋಗಿ ನಿಂತಳು. ಹೇಗೆ ಮಗ್ಗುಲು ತಿರುಗಿಸಬೇಕು, ಎಷ್ಟು ಗಂಟೆಗೊಮ್ಮೆ ತಿರುಗಿಸಬೇಕು ಎಂದೆಲ್ಲ ಕೇಳುತ್ತಿದ್ದಳು.

ಅದೇ ಹುಡುಗಿಯ ಮೊದಲ ಸುತ್ತಿನ ಹಂಚಿಕೆ ಬಂದ ಸಂಜೆ ನಾನೂ ಮಾವ ಕೂರುವ ಟೀ ಅಂಗಡಿಯಲ್ಲಿದ್ದೆ. ಹಂಗಳದ ಕಡೆಯವಳು, ಅಪ್ಪ ಅರಿಸಿನ ಬೆಳೆಗಾರ. ಮೈಸೂರಿನ ಸರ್ಕಾರಿ ನರ್ಸಿಂಗ್ ಕಾಲೇಜು ಬಂದಿತ್ತು. ಮಾವ ಬೆಂಚಿನ ಮೇಲೆ ಕಾಲು ಮಡಿಸಿ ಕೂತು, ಹಂಚಿಕೆಯಾದ ಮೇಲೆ ಒತ್ತಬೇಕಾದ ನಾಲ್ಕು ಚಾಯ್ಸ್‌ಗಳ ಉಪನ್ಯಾಸ ಶುರುಮಾಡಿದರು.

‘ಚಾಯ್ಸ್ ಒಂದು ಅಂದ್ರ ಬಸ್ಸಲ್ಲಿ ಸಿಕ್ಕಿದ ಸೀಟ್ಗ ಕೂತ್ಕಳದು. ಫೀಸ್ ಕಟ್ಟು, ಹೋಗಿ ಸೇರ್ಕೊ. ಎರಡು ಅಂದ್ರ ಆ ಸೀಟ್ಗ ಟವಲ್ ಹಾಕಿ, ಮುಂದ್ಗಡ ಕಿಟಕಿ ಪಕ್ಕದ್ದು ಖಾಲಿ ಆಯ್ತದಾ ಅಂತ ನೋಡದು. ಖಾಲಿ ಆದ್ರ ಅದು ನಿಂದು, ಟವಲ್ ಹಾಕಿದ್ದು ಇನ್ನೊಬ್ಬನ್ದು. ಮೂರು ಅಂದ್ರ ಇದು ಬ್ಯಾಡ, ನಿಂತ್ಕಂಡೇ ಬತ್ತೀನಿ, ಮುಂದಿನ ಸ್ಟಾಪಲ್ಲಿ ನೋಡಮ. ನಾಕು ಅಂದ್ರ ಬಸ್ಸೇ ಬ್ಯಾಡ ಅಂತ ಇಳ್ಕೊಳದು.’

ಕೆಇಎ ಕೈಪಿಡಿಯಲ್ಲಿ ಪುಟಗಟ್ಟಲೆ ಇರುವುದನ್ನು ಯಾರೂ ಇಷ್ಟು ಚೆನ್ನಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಅಂಗಡಿಯವರೆಲ್ಲ ತಲೆದೂಗಿದರು. ಚರ್ಚೆ ಬಿಸಿಯೇರಿತು. ಎರಡನ್ನೇ ಒತ್ತಬೇಕು ಎಂದು ಮಾವನ ತೀರ್ಪು, ಯಾಕೆಂದರೆ ಬೆಂಗಳೂರಿನ ಕೋಟೆ ಹತ್ತಿರದ ಸರ್ಕಾರಿ ಕಾಲೇಜನ್ನು ಅವರು ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಹಾಕಿಸಿದ್ದರು. ಬೆಂಗಳೂರು ದೂರ ಎಂದು ಚಿಕ್ಕಪ್ಪ. ಮೂರು ಒತ್ತಿ ನಿಮ್ಹಾನ್ಸ್‌ಗೆ ಬೇರೆ ಅರ್ಜಿ ಹಾಕಲಿ ಎಂದು ಗೊಬ್ಬರದ ಅಂಗಡಿಯವರು. ನೀಟ್ ಬರೆದಿದ್ದರೆ ಮಿಲಿಟರಿ ನರ್ಸಿಂಗಿಗೂ ಹಾಕಬಹುದಿತ್ತು ಎಂದು ನಿವೃತ್ತ ಸೈನಿಕರೊಬ್ಬರು. ಅಪ್ಪ ಎಲ್ಲರ ಮಾತಿಗೂ ಹೂಂಗುಟ್ಟುತ್ತಿದ್ದ.

‘ಒತ್‌ಬುಟ್ಟೆ ಮಾವ,’ ಎಂದಳು ಹುಡುಗಿ. ಮೊಬೈಲು ಅವಳ ಕೈಯಲ್ಲೇ ಇತ್ತು, ಒಟಿಪಿ ಬರುವುದೂ ಅದಕ್ಕೇ.

‘ಎರಡ್ನ ತಾನೆ?’

‘ಒಂದ್ನ.’

‘ಅಯ್ಯೋ ನಿನ್ನ! ಮೇಲ ಬೆಂಗಳೂರು ಇತ್ತಲ್ಲ ಮೊಗ!’

‘ನೀವು ಅಂತೂ ಹೂವ ಬಿಡಿಸಕ್ಕ ಹೋಗಿದ್ದ ದಿನ ನಾನೇ ಮೈಸೂರ್ನ ಮೇಲಕ್ಕ ಹಾಕ್ಬುಟ್ಟಿದ್ದೆ. ಮೊದಲನೇ ಆಪ್ಷನ್ನೇ ಸಿಕ್ಕಿರವಾಗ ಟವಲ್ ಯಾಕ ಮಾವ?’

ಅಂಗಡಿಯಲ್ಲಿ ಯಾರೂ ಮಾತಾಡಲಿಲ್ಲ. ಮಾವ ಬ್ಯಾಗಿನ ಜಿಪ್ಪನ್ನು ಒಮ್ಮೆ ಎಳೆದರು, ಅದು ಬರಲಿಲ್ಲ. ಆಮೇಲೆ ಅಂಗಡಿಯವರ ಕಡೆ ತಿರುಗಿ, ‘ಅದೇ ಕನಾ ನಾನು ಬೆಳಗ್ಗಿಂದ ಹೇಳ್ತಿದ್ದದ್ದು. ಎಲ್ರಿಗೂ ಒಂದೊಂದು ಟೀ ಕೊಡು, ಜತ್ಗ ಬನ್ನು. ಕೂಸಿನ ಅಪ್ಪನ ಲೆಕ್ಕಕ್ಕ ಬರ್ಕೊ. ಯಾವ ಹೆಸರ್ಗ ಅಂತ ನನ್ನ ಕೇಳ್ಬುಟ್ಟು ಬರ್ಕೊ,’ ಎಂದರು.