ಬತ್ತದೆ ಕನಪ್ಪ!

ಮಂಡ್ಯ ಸೀಮೆಯ ಬಸ್ ನಿಲ್ದಾಣಗಳಲ್ಲಿ ವೇಳಾಪಟ್ಟಿಯೆಂಬ ಫಲಕವೊಂದು ಗೋಡೆಯ ಮೇಲೆ ವಿರಾಜಿಸುತ್ತಿರುವುದುಂಟು. ಆದರೆ ಅದನ್ನು ಓದಿ ಬಸ್ಸು ಹಿಡಿದ ಪುಣ್ಯಾತ್ಮರನ್ನು ನಾನು ಇದುವರೆಗೆ ಕಂಡವನಲ್ಲ. ಇಲ್ಲಿ ಬಸ್ಸಿನ ಜ್ಞಾನವು ವೇದದಂತೆ ಶ್ರುತಿರೂಪವಾದದ್ದು. ಬಾಯಿಂದ ಬಾಯಿಗೆ ಹರಿದು ಬಂದು, ಶಾಖೆಶಾಖೆಗೂ ಪಾಠಭೇದವನ್ನು ಪಡೆದು, ಆ ಪಾಠಗಳೆಲ್ಲವೂ ಸಮಾನ ಪ್ರಾಮಾಣ್ಯದಿಂದ ಮೆರೆಯುವಂಥದು.

ಶಿವನಸಮುದ್ರದ ಗಗನಚುಕ್ಕಿ ಜಲಪಾತವನ್ನು ನೋಡಿ ಅಂದೇ ಮರಳುವ ಸಂಕಲ್ಪದಿಂದ ಬೆಂಗಳೂರನ್ನು ಬಿಡುವವನಿಗೆ ಮೊದಲ ಪರೀಕ್ಷೆ ಹೆದ್ದಾರಿಯದು. 2023ರಲ್ಲಿ ಉದ್ಘಾಟನೆಗೊಂಡ ಹೊಸ ಮಾರ್ಗವು ಮದ್ದೂರು ಮಂಡ್ಯಗಳನ್ನು ಊರ ಹೊರಗಿನಿಂದಲೇ ನಮಸ್ಕರಿಸಿ ಸಾಗುವುದರಿಂದ, ವೇಗದ ವ್ಯಾಮೋಹಿಯು ಮದ್ದೂರನ್ನು ಕಾಣದೆಯೇ ಮೈಸೂರು ಸೇರುತ್ತಾನೆ. ರೈಲು ಪ್ರಯಾಣಿಕರ ನಾಲಗೆಯ ಮೂಲಕ ನಾಡಿಗೆಲ್ಲ ಪ್ರಸಿದ್ಧವಾದ ವಡೆಯ ಊರಿನಲ್ಲಿ ಇಳಿಯಬೇಕೆಂಬವನು ಹಳೆಯ ದಾರಿಯ ನಿಧಾನದ ಬಸ್ಸನ್ನೇ ಆಶ್ರಯಿಸತಕ್ಕದ್ದು. ನಾನು ಆಶ್ರಯಿಸಿದೆನು, ವಡೆಯನ್ನೂ ತಿಂದೆನು.

ಬಳಿಕ ಮದ್ದೂರಿನ ನಿಲ್ದಾಣದಲ್ಲಿ ನಿಂತು, ಮಳವಳ್ಳಿಯ ಬಸ್ಸು ಎಷ್ಟು ಹೊತ್ತಿಗೆ ಎಂದು ಪಕ್ಕದವರನ್ನು ವಿಚಾರಿಸಲು, "ಈಗ್ತಾನೆ ಹೋಯ್ತಲ್ಲ ಸಾರ್" ಎಂದರು ಅವರು. "ಅದೆಲ್ಲಿ ಹೋಯ್ತು? ಇನ್ನೂ ಬಂದೇ ಇಲ್ವಲ್ಲ" ಎಂದು ಮತ್ತೊಬ್ಬರು ಆಕ್ಷೇಪಿಸಿದರು. ಹೋದದ್ದು ಯಾವುದು, ಬಾರದಿದ್ದುದು ಯಾವುದು ಎಂಬ ಮೀಮಾಂಸೆಯು ಅವರಿಬ್ಬರ ನಡುವೆ ಆರಂಭವಾಗಿ, ಸೌತೆಕಾಯಿ ಮಾರುವವನೂ ಅದರಲ್ಲಿ ಸೇರಿಕೊಂಡು, ಪ್ರಶ್ನೆ ಕೇಳಿದ ನಾನು ಮಾತ್ರ ಸಭೆಯಿಂದ ಹೊರಗುಳಿದಿರಲು, ಮೂಟೆಯ ಮೇಲೆ ಕುಳಿತಿದ್ದ ಅಜ್ಜಿಯೊಬ್ಬರು ತೀರ್ಪಿತ್ತರು: "ಬತ್ತದೆ ಕನಪ್ಪ, ಬರ್ದೆ ಎಲ್ಗೋದದು?" ಈ ಸಿದ್ಧಾಂತಕ್ಕೆ ಪ್ರತಿವಾದವಿರಲಿಲ್ಲ.

ಬಂದಿತು. ಅದು ನಿಲ್ಲುವ ಮೊದಲೇ ಕಿಟಕಿಗಳಿಂದ ಟವೆಲುಗಳೂ ಚೀಲಗಳೂ ಒಳಗೆ ಬಿದ್ದು ಆಸನಗಳನ್ನು ಆಕ್ರಮಿಸಿದವು. ಟವೆಲಿಗಿರುವ ಹಕ್ಕು ನಿಂತ ಮನುಷ್ಯನಿಗಿಲ್ಲವೆಂಬುದು ಈ ಸೀಮೆಯ ಅಲಿಖಿತ ಶಾಸನ. ಅಜ್ಜಿಯವರು ಎಲೆಯಡಿಕೆಯ ಚೀಲದಿಂದ ಆಧಾರ್ ಕಾರ್ಡನ್ನು ಹೊರತೆಗೆದು ತೋರಿಸಿ, ಶಕ್ತಿ ಯೋಜನೆಯ ಶೂನ್ಯ ಬೆಲೆಯ ಟಿಕೆಟನ್ನು ಪಡೆದು, ಅದನ್ನು ಜೋಪಾನವಾಗಿ ಮಡಿಸಿಟ್ಟುಕೊಂಡರು. ಪೂರ್ತಿ ಹಣ ತೆತ್ತ ನಾನು ಕಂಬಕ್ಕೆ ಜೋತು ನಿಂತಿದ್ದುದನ್ನು ಕಂಡು ಕರುಣೆಯುಕ್ಕಿ, "ಬಾಪ್ಪ, ವಸಿ ಇಲ್ಲೇ ಕೂತ್ಕೋ" ಎಂದು ಸರಿದು ಕುಳಿತು, ತಮ್ಮ ಮೂಟೆಯನ್ನು ನನ್ನ ತೊಡೆಯ ಮೇಲಿಟ್ಟರು. ಆ ಬಳಿಕ ನನ್ನ ಊರು, ಉದ್ಯೋಗ, ಸಂಬಳ, ಸಂತಾನಗಳ ವಿಚಾರಣೆ ನಡೆದು, ಫಲಿತಾಂಶವು ಹಿಂದಿನ ಸಾಲಿನವರೆಗೂ ಪ್ರಕಟವಾಯಿತು. ನಾನು ಎಲ್ಲಿ ಇಳಿಯಬೇಕೆಂಬುದು ಅಲ್ಲಿಂದ ಮುಂದೆ ನನ್ನ ಸ್ವಂತ ವಿಷಯವಾಗಿ ಉಳಿಯಲಿಲ್ಲ.

ಕೆ. ಎಂ. ದೊಡ್ಡಿಯ ಬಳಿ ಕಬ್ಬು ಹೊತ್ತ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಬಸ್ಸು ವಿನಯದಿಂದ ತೆವಳುತ್ತಿದ್ದಾಗ ನನಗೊಂದು ವಿಚಾರ ಹೊಳೆಯಿತು. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಯನ್ನು ನಿಮಿಷಾರ್ಧದಲ್ಲಿ ಮುಟ್ಟಿತಂತೆ; ಅದರ ತವರನ್ನು ನೋಡಲು ಹೊರಟ ನಾನಾದರೋ ಮಧ್ಯಾಹ್ನವಾದರೂ ಮಳವಳ್ಳಿಯನ್ನು ಮುಟ್ಟಿರಲಿಲ್ಲ. ವಿದ್ಯುತ್ತಿಗೆ ದಾರಿಯಲ್ಲಿ ಕೈಯಡ್ಡ ಹಾಕುವವರಿಲ್ಲವಷ್ಟೆ.

ಮಳವಳ್ಳಿಯಲ್ಲಿ ಕೊಳ್ಳೇಗಾಲದ ಬಸ್ಸನ್ನೇರಿ, ಇಡೀ ಬಸ್ಸಿನ ಒಕ್ಕೊರಲ ಆಜ್ಞೆಯಂತೆ ತಿರುವಿನಲ್ಲಿಳಿದು ನಡೆದು, ಜಲಪಾತವನ್ನು ನೋಡಿದೆನು. ಅದರ ವರ್ಣನೆಯನ್ನು ಕವಿಗಳಿಗೆ ಬಿಟ್ಟಿದ್ದೇನೆ. ಕಾವೇರಿಯು ಅಷ್ಟೆತ್ತರದಿಂದ ಧುಮ್ಮಿಕ್ಕುತ್ತಿದ್ದರೂ ನನ್ನ ಚಿತ್ತವೆಲ್ಲ ಮರಳುವ ಬಸ್ಸಿನಲ್ಲೇ ನೆಟ್ಟಿತ್ತು. ಕಡೆಯ ಬಸ್ಸು ಐದಕ್ಕೆಂದು ಚಹದಂಗಡಿಯವನೂ, ಏಳಕ್ಕೆಂದು ಅವನ ಹೆಂಡತಿಯೂ ಹೇಳಿದ್ದರು.

ಆರರ ಸುಮಾರಿಗೆ ತುಂಬಿ ತುಳುಕುವ ಬಸ್ಸೊಂದು ಬಂದಿತು. "ಹತ್ತಿ ಸಾರ್, ಇದೇ ಕಡೇದು" ಎಂದು ಕಂಡಕ್ಟರು ಅವಸರಪಡಿಸಲು, ಒಂದು ಕಾಲನ್ನು ಮೆಟ್ಟಿಲ ಮೇಲೂ ಇನ್ನೊಂದನ್ನು ಕರ್ನಾಟಕದ ಗಾಳಿಯಲ್ಲೂ ಇಟ್ಟು ಹೊರಟೆನು. ಫರ್ಲಾಂಗು ದೂರ ಹೋಗುವಷ್ಟರಲ್ಲಿ ಸಂಪೂರ್ಣ ಖಾಲಿಯಾದ ಮತ್ತೊಂದು ಬಸ್ಸು ಹಾರನ್ ಬಾರಿಸುತ್ತ ನಮ್ಮನ್ನು ಹಿಂದೆ ಹಾಕಿತು. ನಾನು ಕಂಡಕ್ಟರ ಮುಖವನ್ನು ನೋಡಿದೆನು.

"ಅದಾ ಸಾರ್?" ಎಂದ ಆತ, ಕಿಂಚಿತ್ತೂ ವಿಚಲಿತನಾಗದೆ. "ಅದು ಮಧ್ಯಾಹ್ನದ್ದು."