ಮನೋಳಿ ಮನಿಯ ಉತಾರ: ಆರು ಕಾಲಿನವರ ಮಾಲಕಿ ಹಕ್ಕಿನ ಕುರಿತು ಒಂದು ಶೋಧಪ್ರಬಂಧ

ಮಲಪ್ರಭೆಯ ದಂಡೆಯ ಮನೋಳಿಯ ಬಗ್ಗೆ ಬರೆದವರು ಕೋಟೆಯ ಬಗ್ಗೆ ಬರೆದಿದ್ದಾರೆ, ಪಂಚಲಿಂಗೇಶ್ವರನ ಗುಡಿಯ ಬಗ್ಗೆ ಬರೆದಿದ್ದಾರೆ, ಶಾಸನಗಳ ಬಗ್ಗೆ ಬರೆದಿದ್ದಾರೆ. ಆ ಕೋಟೆಯ ಸಂದಿಯಲ್ಲಿ, ಆ ಗುಡಿಯ ಕಂಬದ ಬುಡದಲ್ಲಿ, ಆ ಶಾಸನದ ಅಕ್ಷರದ ಕೊರೆತದಲ್ಲಿ ಇವತ್ತಿಗೂ ಬಾಡಿಗೆ ಕೊಡದೆ ಸಂಸಾರ ಹೂಡಿಕೊಂಡಿರುವವರ ಬಗ್ಗೆ ಮಾತ್ರ ವಿದ್ವಾಂಸರು ತುಟಿ ಬಿಚ್ಚಿಲ್ಲ. ಬೇಂದ್ರೆಯವರು ಪಾತರಗಿತ್ತಿಯ ಪಕ್ಕ ನೋಡಿದರು ನಿಜ. ಜೊಂಡಿಗನ ಮೀಸೆ ನೋಡುವುದಕ್ಕೆ ಒಬ್ಬರೂ ಬಗ್ಗಲಿಲ್ಲ. ಸಂಶೋಧನಾ ಲೋಕದ ಈ ಭಾರಿ ಕೊರತೆಯನ್ನು ನೀಗಿಸುವ ಹೊಣೆ ಹೀಗಾಗಿ ಈ ಪ್ರಬಂಧಕಾರನ ಹೆಗಲಿಗೆ ಬಂದಿದೆ.

ನಮ್ಮ ಪ್ರಮೇಯ ಇಷ್ಟೇ. ಮನೋಳಿಯೂ ಸೇರಿದ ಸವದತ್ತಿ ಸೀಮೆಯ ಯಾವ ಮನೆಯ ಉತಾರ ತೆಗೆಸಿದರೂ ಅದರಲ್ಲಿ ಒಬ್ಬ ಮನುಷ್ಯನ ಹೆಸರಿರುತ್ತದೆ. ಆ ನಮೂದು ಸುಳ್ಳು. ಮನುಷ್ಯ ಅಲ್ಲಿ ಲಾವಣಿಗೆ, ಅಂದರೆ ಗೇಣಿಗೆ, ಇದ್ದಾನೆ, ಅಷ್ಟೇ. ಮಾಲಕರು ಬೇರೆ.

ಪೂರ್ವಪಕ್ಷ ಮತ್ತು ಅದರ ಖಂಡನೆ

ಪ್ರಬಂಧದ ಮೊದಲ ಕರಡನ್ನು ನಮ್ಮ ಓಣಿಯ ನಿವೃತ್ತ ತಲಾಠಿ ಕಾಕಾರ ಮುಂದೆ ಓದಿದಾಗ ಅವರು ಎಲೆ ಅಡಿಕೆ ಬದಿಗೆ ಒತ್ತಿಕೊಂಡು ತಕರಾರು ಎತ್ತಿದರು. “ಏನಪಾ ತಮ್ಮಾ, ಹುಳದ ಹೆಸರಿಗೆ ಉತಾರ ಮಾಡ್ಸಾಕ ಹೊಂಟೀಯಂತಲ್ಲ. ಕಾಗದ ಪತ್ರ ಏನರೆ ಅದಾವೇನ?”

ಕಾಗದ ಬೇಕಿಲ್ಲ, ಕಬ್ಜಾ ಸಾಕು ಎಂಬುದು ನಮ್ಮ ಉತ್ತರ. ಖಾಸಗಿ ಜಾಗವನ್ನು ಒಬ್ಬ ರಾಜಾರೋಷವಾಗಿ, ಎಡೆಬಿಡದೆ, ಮಾಲಕನಿಗೆ ಸೊಪ್ಪು ಹಾಕದೆ 12 ವರ್ಷ ಅನುಭವಿಸಿದರೆ ಆಮೇಲೆ ಮಾಲಕನ ದಾವೆ ನಿಲ್ಲುವುದಿಲ್ಲ ಎನ್ನುತ್ತದೆ 1963ರ ಕಾಲಮಿತಿ ಅಧಿನಿಯಮ. ಸರ್ಕಾರಿ ಜಾಗವಾದರೆ 30 ವರ್ಷ. ಕೀಟಗಳು ಈ ಭೂಮಿಯ ಮೇಲೆ ಸುಮಾರು 40 ಕೋಟಿ ವರ್ಷಗಳಿಂದ ಇವೆ. ಜೊಂಡಿಗನ ಪೂರ್ವಜರದೇ 30 ಕೋಟಿ ವರ್ಷದ ವಹಿವಾಟು. ಮನುಷ್ಯ ಬಂದು ಬರೀ 3 ಲಕ್ಷ ವರ್ಷ. ಯಾರ ಮನೆಗೆ ಯಾರು ಹೊಕ್ಕರೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಕಾಕಾ ಬಿಡಲಿಲ್ಲ. ಖಾತೆ ಕಿರ್ದಿ ಬರೆದ ಕೈ ಅದು. “ರಾಜಾರೋಷ ಅಂತೀಯಲ್ಲ, ಲೈಟ್ ಹಚ್ಚಿದ ಕೂಡ್ಲೇ ಒಲಿ ಹಿಂದ ಓಡ್ತಾವು ನಿನ್ನ ಜೊಂಡಿಗ್ಯಾ. ಕಳ್ಳರಂಗ ಇರೋದು ಕಬ್ಜಾ ಹ್ಯಾಂಗಾತು?”

ವಾದ ಮೇಲ್ನೋಟಕ್ಕೆ ಗಟ್ಟಿಯಾಗಿದೆ. ಆದರೆ ರಾತ್ರಿ ಎರಡಕ್ಕೆ ನೀರು ಕುಡಿಯಲೆಂದು ಅಡುಗೆಮನೆಗೆ ಹೋದಾಗ ಯಾರು ಹೌಹಾರುತ್ತಾರೆ, ಯಾರು “ಯವ್ವಾ!” ಎಂದು ಕಿರುಚಿ ಚರಿಗಿ ಬಿಡುತ್ತಾರೆ ಎಂಬುದನ್ನು ಕಾಕಾ ಗಣನೆಗೆ ತೆಗೆದುಕೊಂಡಿಲ್ಲ. ತನ್ನ ಮನೆಯಲ್ಲಿ ತಾನೇ ಹಾಗೆ ಕಿರುಚುವ ಮಾಲಕನನ್ನು ಕಾಯ್ದೆಯ ಪುಸ್ತಕ ಬಲ್ಲದೆ?

ಇನ್ನೊಂದು ಆಧಾರ ಇನ್ನೂ ಪ್ರಬಲವಾದದ್ದು. 1974ರ ಮಾರ್ಚ್ 1ರಿಂದ ಕರ್ನಾಟಕದಲ್ಲಿ ಉಳುವವನೇ ಹೊಲದೊಡೆಯ. ಹಾಗಾದರೆ ಮನೋಳಿಯ ಎರೆ ಭೂಮಿಯನ್ನು ವರ್ಷದ ಹನ್ನೆರಡು ತಿಂಗಳೂ ಉಳುವವರು ಯಾರು? ಟ್ರ್ಯಾಕ್ಟರು ಬರುವುದು ವರ್ಷಕ್ಕೆ ನಾಲ್ಕು ಸಲ, ಅದೂ ಡೀಸೆಲ್ ರೊಕ್ಕ ಮುಂಗಡ ಕೊಟ್ಟರೆ. ಇರುವೆ, ಒರಲೆ, ಹೆಂಡಿ ಹುಳ ಈ ಮೂರೂ ಮಣ್ಣನ್ನು ಮೇಲೆ ಕೆಳಗೆ ಮಾಡಿ, ಗಾಳಿ ಆಡಿಸಿ, ಗೊಬ್ಬರ ಸಹ ತಾವೇ ಹೊತ್ತುಹಾಕುತ್ತವೆ. ಹೆಂಡಿ ಹುಳ ತನ್ನ ಉಂಡೆಯನ್ನು ಹಿಂಗಾಲಿನಿಂದ ನೂಕುತ್ತ, ತಲೆ ಕೆಳಗೆ ಮಾಡಿಕೊಂಡು, ಹಿಮ್ಮುಖವಾಗಿ ನಡೆದರೂ ದಾರಿ ತಪ್ಪುವುದಿಲ್ಲ. ಕತ್ತಲ ರಾತ್ರಿಯಲ್ಲಿ ಅದು ಆಕಾಶಗಂಗೆಯ ಬೆಳಕಿನ ಪಟ್ಟೆಯನ್ನು ನೋಡಿ ದಿಕ್ಕು ಹಿಡಿಯುತ್ತದೆಂದು 2013ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಆ ಪ್ರಯೋಗ ನಡೆದದ್ದು ದಕ್ಷಿಣ ಆಫ್ರಿಕಾದ ಹುಳದ ಮೇಲೆ ಎಂದು ಕಾಕಾ ತೊಡಕು ತೆಗೆದರು. ಆಫ್ರಿಕಾದ ಹುಳಕ್ಕೆ ಬರುವ ವಿದ್ಯೆ ಮನೋಳಿಯ ಹುಳಕ್ಕೆ ಬರುವುದಿಲ್ಲ ಎನ್ನುವುದು ಊರಿಗೇ ಅವಮಾನವಾದ್ದರಿಂದ ಆ ತಕರಾರನ್ನು ವಜಾ ಮಾಡಲಾಗಿದೆ.

ಮತ್ತೆ ಆಗ ಹೊಲದ ಹಕ್ಕು ಕೇಳುವ 7ನೇ ನಂಬರಿನ ಫಾರ್ಮನ್ನು ಇವು ಯಾಕೆ ತುಂಬಲಿಲ್ಲ ಎಂದರೆ ಕಾರಣ ಸ್ಪಷ್ಟ. ಫಾರ್ಮಿನಲ್ಲಿ ಹೆಬ್ಬೆಟ್ಟು ಒತ್ತಲು ಜಾಗವಿತ್ತೇ ಹೊರತು ಆರು ಕಾಲು ಒತ್ತಲು ಇರಲಿಲ್ಲ.

ವಾಟ್ನಿಯ ವಿವರ

ಮಾಲಕರು ಬಹಳ ಮಂದಿ ಇದ್ದಲ್ಲಿ ವಾಟ್ನಿ, ಅಂದರೆ ಆಸ್ತಿಯ ಪಾಲು, ಆಗಬೇಕು. ಮನುಷ್ಯರ ವಾಟ್ನಿಗೆ ಪಂಚರು ಬೇಕು, ವಕೀಲರು ಬೇಕು, ನಡುವೆ ಬಾಯಿ ಹಾಕಲು ಅಳಿಯಂದಿರು ಬೇಕು. ಇಷ್ಟೆಲ್ಲ ಆಗಿಯೂ ಒಂದು ಮೊಳ ಬದುವಿನ ಸಲುವಾಗಿ ಎರಡು ತಲೆಮಾರು ಕೋರ್ಟಿಗೆ ಅಡ್ಡಾಡಬೇಕು. ಹುಳುಗಳ ವಾಟ್ನಿ ಯಾರ ಪಂಚಾಯ್ತಿಯೂ ಇಲ್ಲದೆ ಎಂದೋ ಮುಗಿದುಹೋಗಿದೆ. ತೊಲೆ ಜಂತಿ ಒರಲೆಗೆ, ಒಲೆಯ ಹಿಂದಿನ ಸಂದಿ ಜೊಂಡಿಗನಿಗೆ, ಸಕ್ಕರೆ ಡಬ್ಬಿ ಕೆಂಪಿರುವೆಗೆ, ದನ ಕಟ್ಟುವ ಜಾಗ ನೊಣಕ್ಕೆ.

ನೊಣದ ಹಕ್ಕಿಗಂತೂ ಲಿಖಿತ ದಾಖಲೆ ಇದೆ. 1758ರಲ್ಲಿ ಸ್ವೀಡನ್ನಿನ ಕಾರ್ಲ್ ಲಿನೇಯಸ್ ಎಂಬ ಮಹಾ ತಲಾಠಿ ಲೋಕದ ಪ್ರಾಣಿಗಳ ಖಾತೆ ಬರೆಯುತ್ತ ಅದಕ್ಕೆ ಮಸ್ಕಾ ಡೊಮೆಸ್ಟಿಕಾ ಎಂದು ಹೆಸರು ಹಚ್ಚಿ, ಮನೆಯೇ ಅದರ ಠಿಕಾಣಿ ಎಂದು ಶಾಶ್ವತವಾಗಿ ನಮೂದಿಸಿಬಿಟ್ಟ. ನೊಣ ಕಾಲಿನಿಂದ ರುಚಿ ನೋಡುತ್ತದೆ. ಗಟ್ಟಿ ಪದಾರ್ಥ ತಿನ್ನಲು ಅದಕ್ಕೆ ಹಲ್ಲಿಲ್ಲ. ಎಂಜಲು ಬಿಟ್ಟು ಕರಗಿಸಿ, ಆಮೇಲೆ ಹೀರುತ್ತದೆ. ಬನದ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡದಲ್ಲಿ ಬೆಂಡು ಬತ್ತಾಸಿನ ರಾಶಿಯ ಮೇಲೆ ಅದು ಸುಮ್ಮನೆ ಅಡ್ಡಾಡುತ್ತಿದೆ ಎಂದು ಭಕ್ತಾದಿಗಳು ತಿಳಿದಿದ್ದಾರೆ. ವಾಸ್ತವದಲ್ಲಿ ಅಲ್ಲಿ ಒಂದೊಂದು ಬತ್ತಾಸಿನ ಗುಣಮಟ್ಟದ ತಪಾಸಣೆ ನಡೆದಿರುತ್ತದೆ, ಅದೂ ಬರಿಗಾಲಿನಲ್ಲಿ.

ಹೊರಸು ತಗಣಿಯ ಪಾಲಿಗೆ ಬಂದಿತ್ತು. ಈ ಹಿಸ್ಸೆಯ ಇತಿಹಾಸ ರಕ್ತಸಿಕ್ತವಾದದ್ದು, ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಬೇಸಿಗೆಯ ಮಟಮಟ ಮಧ್ಯಾಹ್ನ ನಮ್ಮ ಆಯಿ ನೂಲಿನ ಹೊರಸನ್ನು ಅಂಗಳಕ್ಕೆ ಹೊರಿಸುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯಲ್ಲಿ ಕುದಿಯುವ ನೀರಿನ ಚರಿಗಿ, ಇನ್ನೊಂದರಲ್ಲಿ ಚಿಮಣಿ ಎಣ್ಣೆಯಲ್ಲಿ ಅದ್ದಿದ ಅರಿವೆ. ಕಾಲೂ ಚೌಕಟ್ಟೂ ಕೂಡುವ ಮೂಲೆಯಲ್ಲಿ, ಹಗ್ಗ ಸುತ್ತು ಹಾಕುವ ಕಡೆ, ಸಣ್ಣ ಕರಿ ಚುಕ್ಕೆಗಳು ಕಂಡವೆಂದರೆ ಗುರುತು ಸಿಕ್ಕಿತು ಅಂತಲೇ. ಕೊರಳ ತಾಳಿಯ ಜೊತೆ ಸಿಕ್ಕಿಸಿಕೊಂಡ ಪಿನ್ನು ತೆಗೆದು ಆ ಸಂದಿ ಕೆದಕುವಳು. ಆಮೇಲೆ ಹೊರಸಿನ ಕಾಲನ್ನು ಎತ್ತಿ ಕಲ್ಲಿಗೆ ದಪ್ ಎಂದು ಬಡಿದರೆ ಒಡೆದ ಮಸೂರಿ ಬೇಳೆಯಷ್ಟು ಚಪ್ಪಟೆ ಜೀವಗಳು ಬಿಸಿಲಿಗೆ ಬಿದ್ದು ಎಂಟು ದಿಕ್ಕಿಗೆ ಓಡುತ್ತಿದ್ದವು. “ಮೆಟ್ಟಬ್ಯಾಡ್ರಲೇ, ನಾತ ಹೊಡೀತೈತಿ!” ಎಂದು ಕೂಗುವಷ್ಟರಲ್ಲಿ ಯಾವನೋ ಮೊಮ್ಮಗ ಮೆಟ್ಟಿಯಾಗಿರುತ್ತಿತ್ತು.

ಇಷ್ಟಾದರೂ ತಗಣಿ ಒಕ್ಕಲೇಳುತ್ತಿರಲಿಲ್ಲ. ಅದು ಮೊಟ್ಟೆಯೊಡೆದು ಪ್ರಾಯಕ್ಕೆ ಬರುವವರೆಗೆ ಐದು ಸಲ ಪೊರೆ ಬಿಡುತ್ತದೆ, ಪ್ರತಿ ಸಲವೂ ಒಂದು ಹೊಟ್ಟೆ ರಕ್ತ ಬೇಕು. ಸಿಗದಿದ್ದರೆ ತಿಂಗಳುಗಟ್ಟಲೆ ಉಪವಾಸ ಕಾಯುತ್ತದೆ. ಮನೆಯವರೆಲ್ಲ ಸುಗ್ಗಿ ಮುಗಿಸಿ ದುಡಿಯಲು ಗೋವೆಗೆ ಹೋಗಿ ಬಂದರೂ ಇದು ಜಾಗ ಬಿಟ್ಟಿರುವುದಿಲ್ಲ. ಕುದಿ ನೀರಿಗೆ ಸಿಗದ ನಾಲ್ಕಾರು ಅಷ್ಟರಲ್ಲಿ ಕೌದಿಗೆ ವಲಸೆ ಹೋಗಿರುತ್ತಿದ್ದವು. ಆ ಕೌದಿ ಹೊಲಿದವಳೂ ಆಯಿಯೇ. ಹಳೆ ಸೀರೆ, ಹಳೆ ಅಂಗಿ ಒಂದರ ಮೇಲೊಂದು ಒಟ್ಟಿ, ಒತ್ತೊತ್ತಾಗಿ ಹೊಲಿಗೆ ಹಾಕಿ, ಒಂದೊಂದು ಮಡಿಕೆಯಲ್ಲೂ ಒಂದೊಂದು ಕುಟುಂಬಕ್ಕೆ ಎಡೆ ಮಾಡಿಕೊಟ್ಟಿದ್ದಳು. ಕಾನೂನಿನ ಕಣ್ಣಿಗೆ ಇದು ದಾನಪತ್ರವಲ್ಲದೆ ಮತ್ತೇನೂ ಅಲ್ಲ.

ಜೋಳದ ಕಾಳು ನುಸಿಗೆ ಸಂದ ಹಿಸ್ಸೆ. ಹೆಣ್ಣು ನುಸಿ ತನ್ನ ಮೂತಿಯಿಂದ ಕಾಳಿಗೆ ತೂತು ಕೊರೆದು, ಒಳಗೊಂದು ಮೊಟ್ಟೆಯಿಟ್ಟು, ಮೇಲೆ ಮೆತ್ತಿ ಮುಚ್ಚಿಬಿಡುತ್ತದೆ. ಮರಿ ಹುಟ್ಟಿ, ಉಂಡು, ಬೆಳೆದು, ರೂಪ ಬದಲಿಸಿ ಹೊರಬೀಳುವುದೆಲ್ಲ ಆ ಒಂದೇ ಕಾಳಿನಲ್ಲಿ. ಮನೆ ಅದೇ, ಮೃಷ್ಟಾನ್ನ ಅದೇ. ಇವರನ್ನು ಒಕ್ಕಲೆಬ್ಬಿಸಲು ನಮ್ಮ ಹಿರಿಯರು ಕಂಡುಕೊಂಡ ಒಂದು ಪರಿಣಾಮಕಾರಿ ಉಪಾಯ ಹಗೇವು. ನೆಲದಲ್ಲಿ ಆಳವಾಗಿ ತೋಡಿ, ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತಿದರೆ ಮುಗಿಯಿತು. ಒಳಗಿನ ಪ್ರಾಣವಾಯುವನ್ನು ಕಾಳೂ ಹುಳವೂ ಕೂಡಿ ಮುಗಿಸುತ್ತವೆ, ಇಂಗಾಲದ ಡೈ ಆಕ್ಸೈಡ್ ತುಂಬಿಕೊಳ್ಳುತ್ತದೆ, ನುಸಿ ಕಣ್ಣು ಮುಚ್ಚುತ್ತದೆ. ಎಣ್ಣೆಯಿಲ್ಲ, ಮಾತ್ರೆಯಿಲ್ಲ, ಜೋಳ ವರ್ಷಗಟ್ಟಲೆ ಹಾಗೇ ಇರುತ್ತದೆ. ಹಗೇವು ತೆರೆದ ಮೇಲೆ ಮೊದಲು ಕಂದೀಲು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಇಲ್ಲವಾದರೆ ನುಸಿಗಾದ ಗತಿಯೇ ಅವನಿಗೂ. ಈಗ ಹಗೇವು ಮುಚ್ಚಿಹೋಗಿವೆ, ಪ್ಲಾಸ್ಟಿಕ್ ಚೀಲ ಬಂದಿದೆ, ನುಸಿಯ ವಂಶ ಸುಖವಾಗಿದೆ.

ಹೇನು

ಈ ಅಧ್ಯಾಯದ ಪ್ರಕಟಣೆಗೆ ಮನೆಯ ಹೆಣ್ಣುಮಕ್ಕಳು ಒಪ್ಪಿಗೆ ಕೊಟ್ಟಿಲ್ಲ.

ಗಡಿ ತಂಟೆ

ಬೆಳಗಾವಿ ಜಿಲ್ಲೆಯ ಯಾವ ಶೋಧಪ್ರಬಂಧವೂ ಗಡಿಯನ್ನು ಮುಟ್ಟದೆ ಮುಗಿಯಬಾರದೆಂಬ ಸಂಪ್ರದಾಯವಿದೆ. ಮಹಾರಾಷ್ಟ್ರದ ಜೊತೆಗಿನ ಗಡಿಯ ಕುರಿತು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, ಎರಡೂ ಕಡೆಯವರು ಇವತ್ತಿಗೂ ಓದುತ್ತಿದ್ದಾರೆ. 2002ರಲ್ಲಿ ಸಾಂಗಲಿ ಸೀಮೆಯಲ್ಲಿ ಕಬ್ಬಿಗೆ ಹತ್ತಿದ ಬಿಳಿ ಉಣ್ಣೆ ಹೇನು ಮಾತ್ರ ಆ ವರದಿಯನ್ನು ಓದಿರಲಿಲ್ಲ. ಅದೇ ವರ್ಷ ಬೆಳಗಾವಿಯ ಕಬ್ಬಿನಲ್ಲೂ ಕಾಣಿಸಿಕೊಂಡಿತು. ಎಲೆಯ ಅಡಿಗೆ ಅರಳೆ ಅಂಟಿಸಿದ ಹಾಗೆ ಬೆಳ್ಳಗೆ ಕೂತು ರಸ ಹೀರುವುದು, ಮೇಲೆ ಸಿಹಿ ಅಂಟು ಸುರಿಸಿ ಎಲೆಗೆ ಕರಿ ಬೂಷ್ಟು ತರಿಸುವುದು ಅದರ ಕಾಯಕ. ಗಂಡಿನ ಹಂಗಿಲ್ಲದೆ ಹೆಣ್ಣೇ ಮರಿ ಹಾಕುವುದರಿಂದ ಜನಗಣತಿ ಮಾಡುವಷ್ಟರಲ್ಲಿ ಸಂಖ್ಯೆ ಹಳತಾಗಿರುತ್ತಿತ್ತು. ಔಷಧ ಹೊಡೆಯೋಣವೆಂದರೆ ಆಳೆತ್ತರ ಮೀರಿದ ಕಬ್ಬಿನೊಳಗೆ ಹೊಗುವವರು ಯಾರು?

ಕೊನೆಗೆ ಹುಳಕ್ಕೆ ಹುಳವೇ ಗತಿಯಾಯಿತು. ಡೈಫಾ ಎಂಬ ಪತಂಗದ ಮರಿ ಈ ಹೇನನ್ನು ಬಕಬಕ ತಿನ್ನುತ್ತದೆ. ಡೈಫಾ ಇದ್ದ ಕಬ್ಬಿನ ಎಲೆ ಕತ್ತರಿಸಿಕೊಂಡು ಹೋಗಿ ಇಲ್ಲದ ಹೊಲದಲ್ಲಿ ಕಟ್ಟಿಬರುವ ಕೆಲಸ ನಡೆಯಿತು. ಮೈಕ್ರೋಮಸ್ ಎಂಬ ಇನ್ನೊಂದು ಹುಳವೂ ಕೈಜೋಡಿಸಿತು. ಗಡಿ ತಂಟೆಯಲ್ಲಿ ಇಷ್ಟು ಬೇಗ ಫಲ ಕೊಟ್ಟ ನಿಯೋಗ ಇನ್ನೊಂದಿಲ್ಲ. ಬೈಲಹೊಂಗಲದ ಹತ್ತಿ ಬೆಳೆಗಾರರನ್ನು ಕೇಳಿದರೆ ಇಂಥ ಸುಖಾಂತ ಅವರ ಪಾಲಿಗೆ ಬಂದಿಲ್ಲ ಎಂದಾರು: 2002ರಲ್ಲೇ ದೇಶಕ್ಕೆ ಬಿಟಿ ಹತ್ತಿ ಬಂತು, ಕೀಡಿಯ ಕಾಟ ತೀರಿತು ಅಂದುಕೊಂಡರು, ಗುಲಾಬಿ ಕಾಯಿಕೊರಕ ಕೆಲವೇ ವರ್ಷದಲ್ಲಿ ಆ ವಿಷವನ್ನೂ ಅರಗಿಸಿಕೊಂಡು ತೇಗಿತು.

ಅನರ್ಹರು

ಮಿರಗದ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಹೊಲದ ಬದುವಿನಲ್ಲಿ ಮಖಮಲ್ಲಿನ ಕೆಂಪಂಗಿ ತೊಟ್ಟು ಬರುವ ಹುಳ ಮಕ್ಕಳ ಬೆಂಕಿಪೆಟ್ಟಿಗೆಗಳಿಗೆ ಪರಮಪ್ರಿಯ. ಆದರೆ ಅದರ ಅರ್ಜಿ ತಿರಸ್ಕೃತವಾಗಿದೆ. ಅದಕ್ಕೆ ಎಂಟು ಕಾಲು, ಅದು ಜೇಡ ಚೇಳುಗಳ ಕುಲ. ಮರಿಯಾಗಿದ್ದಾಗ ತನಗೆ ಆರೇ ಕಾಲಿದ್ದವೆಂದು ಅದು ಮೇಲ್ಮನವಿ ಸಲ್ಲಿಸಬಹುದು. ಹೇಳಿಕೆ ನಿಜವೇ. ಬಾಲ್ಯದ ದಾಖಲೆಯ ಮೇಲೆ ಪ್ರಮಾಣಪತ್ರ ಕೊಡುವ ಪದ್ಧತಿ ನಮ್ಮ ಕಡೆ ಇದ್ದೇ ಇರುವುದರಿಂದ ವಿಷಯ ಪರಿಶೀಲನೆಯಲ್ಲಿದೆ.

ಲಾವಣಿಯ ಸಂದಾಯ

ಲಾವಣಿದಾರನಾದವನು ಲಾವಣಿ ಕೊಡಬೇಕು. ಮನೋಳಿಯ ಮನುಷ್ಯ ತನಗೆ ಗೊತ್ತಿಲ್ಲದೆಯೇ ಅದನ್ನು ಚಾಚೂ ತಪ್ಪದೆ ಕೊಡುತ್ತಿದ್ದಾನೆ. ಎಳ್ಳ ಅಮಾವಾಸ್ಯೆಗೆ ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಸಜ್ಜಿ ರೊಟ್ಟಿ, ಕಡುಬು, ಪುಂಡಿಪಲ್ಲೆ, ಬಾನವನ್ನು ಸುತ್ತಲೂ ಚೆಲ್ಲುವುದಕ್ಕೆ ಚರಗ ಎನ್ನುತ್ತಾರೆ. ಭೂತಾಯಿಗೆ ಅಂತ ಹೆಸರು. ಸಂಜೆ ಹೋಗಿ ನೋಡಿದರೆ ರಸೀದಿ ಹಾಕುತ್ತಿರುವವು ಗೊದ್ದ ಇರುವೆಗಳು. ಪಂಚಮಿಯಲ್ಲಿ ಮಾತ್ರ ಒಂದು ಅನ್ಯಾಯವಾಗುತ್ತದೆ. ಹುತ್ತ ಕಟ್ಟಿದ್ದು ಒರಲೆ. ಒಳಗೆ ನುಸುಳಿ ಕುಳಿತದ್ದು ನಾಗಪ್ಪ. ಹಾಲೆರೆಯುವುದು ಕುಳಿತವನ ಹೆಸರಿಗೆ, ತೋಯ್ದು ಗೋಡೆ ಕುಸಿಯುವುದು ಕಟ್ಟಿದವರದು. ಅದೇ ಹಬ್ಬದ ಶೇಂಗಾ ಉಂಡಿಯ ಡಬ್ಬಿಯನ್ನು ನೀರು ತುಂಬಿದ ತಾಟಿನ ನಡುವೆ ಇಟ್ಟು ಇರುವೆಗಳ ಪಾಲನ್ನೂ ತಡೆಹಿಡಿಯುತ್ತೇವೆ.

ಇನ್ನು ಕಪ್ಪದ ಮಾತು. ಕಿತ್ತೂರ ಸೀಮೆಯವರು ಯಾರಿಗೂ ಬಗ್ಗಿದವರಲ್ಲ. 1824ರ ಅಕ್ಟೋಬರ್ 23ರಂದು ಕಂಪನಿಯ ಥ್ಯಾಕರೆ ಕೋಟೆಯ ಮುಂದೆಯೇ ಬಿದ್ದ. ಅಂಥವರ ವಂಶಜರು ಇಂದು ರಾತ್ರಿ ಹನ್ನೊಂದಕ್ಕೆ ಕರೆಂಟು ಹೋದ ಕೂಡಲೇ ಕಿವಿಯ ಬುಡದಲ್ಲಿ ವಸೂಲಿಯ ಪಿಟೀಲು ಕೇಳುತ್ತ ರಕ್ತದ ರೂಪದಲ್ಲೇ ಕಪ್ಪ ಒಪ್ಪಿಸುತ್ತಿದ್ದಾರೆ. ವಸೂಲಿಗೆ ಬರುವವಳು ಹೆಣ್ಣು ಸೊಳ್ಳೆ ಮಾತ್ರ, ಮೊಟ್ಟೆಗೆ ರಕ್ತದ ಸತ್ವ ಬೇಕು. ಗಂಡು ಹೂವಿನ ರಸ ಕುಡಿದುಕೊಂಡು ಹೊರಗೇ ಇರುತ್ತಾನೆ. ಅವಳು ಕಪ್ಪ ಒಯ್ಯುವುದಷ್ಟೇ ಅಲ್ಲ, ಮಲೇರಿಯಾವನ್ನು ಹೊತ್ತು ತರುತ್ತಾಳೆಂಬುದಕ್ಕೆ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆ ಸೀಳಿ ಸುಳುವು ಹಿಡಿದವನು ರೊನಾಲ್ಡ್ ರಾಸ್. ಅವನಿಗೆ 1902ರಲ್ಲಿ ನೊಬೆಲ್ ಸಿಕ್ಕಿತು. ಸೊಳ್ಳೆಗೆ ಏನೂ ಸಿಗಲಿಲ್ಲ, ಆದರೂ ಕೆಲಸ ಬಿಟ್ಟಿಲ್ಲ.

ಪ್ರಬಂಧವನ್ನು ಇಷ್ಟಕ್ಕೆ ತಂದು ಕಾಕಾರ ಮುಂದೆ ಮತ್ತೊಮ್ಮೆ ಓದಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಚಾ ತಂದ ಆಯಿ ಕದದ ಹತ್ತಿರವೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

“ಉತಾರ ಅವರ ಹೆಸರಿಗೇ ಮಾಡ್ರಿ, ನಂದೇನ್ ತಕರಾರಿಲ್ಲ,” ಅಂದಳು. “ಮತ್ತ ಮನಿಪಟ್ಟಿ ಯಾರು ಕಟ್ಟಾವ್ರು? ಹಿಂದಿನ ಬಾಕಿನೂ ಅವರಿಗೇ ಹಚ್ಚ್ರಿ.”

ಕಾಕಾರ ಮುಖ ಅರಳಿತು. ಕಿಸೆಯಿಂದ ಪೆನ್ನು ತೆಗೆದು, ಶೋಧಪ್ರಬಂಧದ ಹಿಂಬದಿಯ ಮೇಲೆಯೇ 40 ಕೋಟಿ ವರ್ಷದ ಪಟ್ಟಿ, ಅದರ ಮೇಲೆ ದಂಡ, ಅದರ ಮೇಲೆ ನೀರಿನ ಬಿಲ್ಲು ಕೂಡಿಸಲು ಕುಳಿತರು. ಲೆಕ್ಕ ಮುಗಿದಿದೆ, ನೋಟೀಸೂ ತಯಾರಾಗಿದೆ. ಅದನ್ನು ಒಲೆಯ ಹಿಂದೆ ಹೋಗಿ ಜಾರಿ ಮಾಡುವವರು ಯಾರು ಎಂಬುದರ ಮೇಲೆ ಮನೆಯಲ್ಲಿ ಚರ್ಚೆ ನಡೆದಿದೆ.